ಹಳೇ ಇಂಗ್ಲಿಷ್ ಮಹಾಗನಿ ಕುರ್ಚಿ ಕೊಳ್ಳುವ ಮುಂಚೆ ತಲೆಕೆಳಗೆ ಮಾಡಿ ನೋಡಿ

ಇಂಗ್ಲೆಂಡಿನ ಹರಾಜಿನಲ್ಲಿ 18ನೇ ಶತಮಾನದ್ದು ಎನ್ನುವ ಕೆತ್ತನೆಯ ಊಟದ ಕುರ್ಚಿಗಳು ಬಂದರೆ, ಜನ ಬೆನ್ನಿನ ಮೇಲಿನ ಎಲೆ-ಬಳ್ಳಿಯನ್ನೇ ನೋಡುತ್ತಾ ನಿಂತುಬಿಡುತ್ತಾರೆ. ಚೆಂದವೇ ಇರುತ್ತೆ. ನಾನು ಮಾತ್ರ ಮೊದಲು ಕುರ್ಚಿಯನ್ನು ತಲೆಕೆಳಗೆ ಮಾಡುತ್ತೇನೆ. ವಯಸ್ಸು ಗೊತ್ತಾಗುವುದು ಅಲ್ಲಿ.

'ಚಿಪೆಂಡೇಲ್' ಅನ್ನೋ ಹೆಸರು ಕಂಡ ಕೂಡಲೇ ಕೈ ಎತ್ತಬೇಡಿ. ಥಾಮಸ್ ಚಿಪೆಂಡೇಲ್ 1754ರಲ್ಲಿ ಲಂಡನ್ನಿನಲ್ಲಿ ತನ್ನ ವಿನ್ಯಾಸಗಳ ಪುಸ್ತಕ ತಂದ. ಅದನ್ನು ಮುಂದಿಟ್ಟುಕೊಂಡು ಬೇರೆ ಬಡಗಿಗಳೂ ಕುರ್ಚಿ ಮಾಡಿದರು. ಅವನದೇ ಕೆಲಸ ಎನ್ನಲು ಹಳೇ ಬಿಲ್ಲೋ ಪತ್ರವೋ ಇರಬೇಕು. ಯಾರ್ಕ್‌ಷೈರಿನ ನಾಸ್ಟೆಲ್, ಸ್ಕಾಟ್ಲೆಂಡಿನ ಡಂಫ್ರೀಸ್ ಹೌಸ್ ಎಂಬ ಹಳೇ ಬಂಗಲೆಗಳಲ್ಲಿ ಅಂಥ ದಾಖಲೆ ಉಳಿದಿದೆ. 19ನೇ ಶತಮಾನದ ಕೊನೆಗೆ ಈ ಶೈಲಿ ಮತ್ತೆ ಫ್ಯಾಶನ್ ಆಯಿತು. ಈಗ ಮಾರಾಟಕ್ಕೆ ಬರುವ ಬಹಳಷ್ಟು ಕುರ್ಚಿ ಆಗಿನವೇ.

ಸರಿ, ಸೀಟು ಎತ್ತಿ ತೆಗೆಯಿರಿ. ಒಳಗಿನ ಚೌಕಟ್ಟಿಗೆ ಪಾಲಿಶ್ ಇರುವುದಿಲ್ಲ, ಇರಲೂಬಾರದು. ಮರದ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳು ಕಂಡರೆ ಅದು ಚಕ್ರದ ಗರಗಸದ ಗುರುತು, ಅಂದರೆ 19ನೇ ಶತಮಾನ ಅಥವಾ ಈಚಿನದು. ಕೈಗರಗಸದ ಗೆರೆ ನೇರ, ಅಂತರ ಒಂದೇ ಸಮ ಇರಲ್ಲ. ಬೆನ್ನಿನ ನಡುವಿನ ಕೆತ್ತಿದ ಹಲಗೆ ಕೆಳಗೆ ಎಲ್ಲಿ ಕೂರುತ್ತದೆ ನೋಡಿ. ಹಳೆಯದರಲ್ಲಿ ಸಾಮಾನ್ಯವಾಗಿ ಅದಕ್ಕೊಂದು ಬೇರೆಯೇ ಮರದ ತುಂಡಿನ ಪಾದ ಇರುತ್ತೆ. ಸೀಟಿನ ಚೌಕಟ್ಟಿನ ಹಿಂದಿನ ಪಟ್ಟಿ, ಈ ಪಾದ ಎರಡೂ ಒಂದೇ ಮರದಲ್ಲಿದ್ದರೆ ಅನುಮಾನಪಡಿ.

ಚೌಕಟ್ಟಿನಲ್ಲಿ ಉಳಿಯಿಂದ ಕೊರೆದ ರೋಮನ್ ಅಂಕಿ ಹುಡುಕಿ. ಸೀಟಿನ ಚೌಕಟ್ಟಿನಲ್ಲೂ ಅದೇ ಅಂಕಿ ಇರಬೇಕು, ಯಾಕಂದ್ರೆ ಪ್ರತಿ ಸೀಟನ್ನೂ ಅದರದೇ ಕುರ್ಚಿಗೆ ಹೊಂದಿಸಿ ಮಾಡುತ್ತಿದ್ದರು. ಒಂದೇ ಅಂಕಿ ಎರಡು ಕುರ್ಚಿಯಲ್ಲಿದ್ದರೆ ಎರಡು ಸೆಟ್ ಬೆರೆತಿರಬಹುದು. ಹೆಚ್ಚು ಕುರ್ಚಿಗಳಿರುವ ಸೆಟ್ಟಿಗೆ ಬೆಲೆ ಜಾಸ್ತಿ. ಹಾಗಾಗಿ ಒಳ್ಳೇ ಕುರ್ಚಿಗಳನ್ನು ಬಿಚ್ಚಿ, ಹೊಸ ಭಾಗ ಸೇರಿಸಿ ಸೆಟ್ ಬೆಳೆಸುವ ಚಾಳಿ ವ್ಯಾಪಾರದಲ್ಲಿ ಇತ್ತು. ನನಗೆ ಅದು ಕುರ್ಚಿಗೆ ಮಾಡಿದ ಅನ್ಯಾಯವೇ. ಕೈಯಿರುವ ಕುರ್ಚಿಯ ಸೀಟನ್ನೂ ಅಳೆಯಿರಿ. ಅದು ಉಳಿದವುಗಳಿಗಿಂತ ಒಂದೆರಡು ಇಂಚು ಅಗಲ ಇರಬೇಕು. ಸಮ ಇದ್ದರೆ ಸುಮ್ನೆ ಆಮೇಲೆ ಕೈ ಜೋಡಿಸಿರುತ್ತಾರೆ.

ಕೆತ್ತನೆಗೆ ಈಗ ಬನ್ನಿ. ಮುಂಗಾಲಿನ ಮೇಲ್ಭಾಗದ ಬಾಗಿಗೆ ಮಂಡಿ ಅನ್ನುತ್ತಾರೆ, ಅದರ ಮೇಲೆ ಬೆರಳು ಆಡಿಸಿ. ಎಲೆಯ ಅಂಚು ಕಾಲಿನ ಮೈಗಿಂತ ಉಬ್ಬಿರಬೇಕು. ಕೆತ್ತುವವನಿಗೆ ಬೇಕಾದಷ್ಟು ಮರವನ್ನು ಬಡಗಿ ಮೊದಲೇ ಬಿಟ್ಟಿರುತ್ತಿದ್ದ. ಎಲೆ ಒಳಕ್ಕೆ ಕುಸಿದಂತೆ ಚಪ್ಪಟೆ ಇದ್ದರೆ, ಸಾದಾ ಕಾಲಿಗೆ ಆಮೇಲೆ ಕೆತ್ತಿದ್ದು. ಎತ್ತಿಯೂ ನೋಡಿ. 1721ರಲ್ಲಿ ಬ್ರಿಟನ್ ತನ್ನ ಅಮೆರಿಕದ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ ಜಮೈಕಾದ ಮಹಾಗನಿ ಹೇರಳವಾಗಿ ಬಂತು. ಅದು ಒತ್ತಾದ, ಭಾರದ ಮರ. ಸೂಕ್ಷ್ಮ ಕೆತ್ತನೆ ಅದರಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಸಾಬೂನಿನ ವ್ಯಾಪಾರಿ ವಿಲಿಯಂ ಲಿವರ್ ಕೂಡಿಟ್ಟ ಇಂಗ್ಲಿಷ್ ಪೀಠೋಪಕರಣ ಇಂಗ್ಲೆಂಡಿನ ಪೋರ್ಟ್ ಸನ್‌ಲೈಟ್‌ನ ಗ್ಯಾಲರಿಯಲ್ಲಿದೆ. ಅದು 1922ರಲ್ಲಿ ತೆರೆಯಿತು. ಇನ್ನೊಬ್ಬ ಸಂಗ್ರಾಹಕ ಪರ್ಸಿವಲ್ ಗ್ರಿಫಿತ್ಸ್, ಸಲಹೆಗಾರ ಆರ್. ಡಬ್ಲ್ಯು. ಸೈಮಂಡ್ಸ್ ಜೊತೆ ಸೇರಿ, ಹಳೇ ಮೈಬಣ್ಣ ಕೆಡದ ವಸ್ತುಗಳನ್ನೇ ಹುಡುಕಿದ. ಇವತ್ತಿಗೂ ಸಂಗ್ರಾಹಕರು ಬೆಲೆ ಕೊಡುವುದು ಆ ಬಣ್ಣಕ್ಕೆ. ಆದ್ದರಿಂದ ಕೊಂಡ ಮೇಲೆ ಉಜ್ಜಿ ಹೊಳೆಯಿಸಲು ಹೋಗಬೇಡಿ. ಆಗಾಗ ತೆಳುವಾಗಿ ಮೇಣ ಸವರಿದರೆ ಸಾಕು. ಸಂದು ಸಡಿಲವಾದರೆ ಸ್ಕ್ರೂ ಹೊಡೆಯಬೇಡಿ, ಪ್ರಾಣಿಜನ್ಯ ಅಂಟನ್ನೇ ಹಾಕಿಸಿ. ಬಿಸಿ, ತೇವ ಕೊಟ್ಟರೆ ಅದು ಮತ್ತೆ ಬಿಚ್ಚಿಕೊಳ್ಳುತ್ತೆ, ಮುಂದಿನವರು ಮರಕ್ಕೆ ಏಟಾಗದಂತೆ ಸರಿಮಾಡಬಹುದು. ಎತ್ತುವಾಗ ಸೀಟಿನ ಚೌಕಟ್ಟನ್ನು ಹಿಡಿಯಿರಿ, ಬೆನ್ನಿನ ಮೇಲ್ಪಟ್ಟಿಯನ್ನಲ್ಲ.