ಎ-ಪಿಲ್ಲರ್‌ಗೆ ಗೇಜ್ ಕೂರಿಸುವುದು ಹೇಗೆ?

ಟರ್ಬೊ ಕಾರುಗಳಲ್ಲಿ ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ನೂಕುವ ಗಾಳಿಯ ಒತ್ತಡ, ಎಷ್ಟು ಬರುತ್ತಿದೆ ಎಂದು ಕಂಪನಿಯ ಮೀಟರ್ ಸಾಮಾನ್ಯವಾಗಿ ತೋರಿಸುವುದಿಲ್ಲ. ಅದಕ್ಕಾಗಿ ಬೇರೆ ಗೇಜ್ ತಂದು, ವಿಂಡ್‌ಶೀಲ್ಡ್ ಪಕ್ಕದ ಕಂಬಕ್ಕೆ, ಅಂದರೆ ಎ-ಪಿಲ್ಲರ್‌ಗೆ, ಪಾಡ್ (ಗೇಜ್ ಹಿಡಿದಿಡುವ ಬಟ್ಟಲು) ಕೂರಿಸುವವರಿದ್ದಾರೆ. ಹೆಚ್ಚಿನ ಗೇಜ್‌ಗಳ ಅಳತೆ 52 ಮಿ.ಮೀ., ಕೆಲವು ಜಪಾನಿ ಗೇಜ್‌ಗಳದ್ದು 60. ಪಾಡ್ ಕೊಳ್ಳುವ ಮೊದಲು ಗೇಜ್ ಕೈಯಲ್ಲಿರಲಿ.

ಎಲ್ಲಕ್ಕಿಂತ ಮೊದಲು ಪಿಲ್ಲರ್‌ನ ಪ್ಲಾಸ್ಟಿಕ್ ಟ್ರಿಮ್ (ಹೊದಿಕೆ) ಮೇಲೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಬರೆದಿದೆಯೇ ನೋಡಿ. ಬರೆದಿದ್ದರೆ, ಅಪಘಾತದಲ್ಲಿ ಕಿಟಕಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಅದರ ಹಿಂದೆಯೇ ಮಡಚಿ ಕುಳಿತಿದೆ. ಅದು ಬಿಚ್ಚಿಕೊಳ್ಳುವಾಗ ಪಾಡ್ ಅಡ್ಡ ಬರುತ್ತದೆ, ಇಲ್ಲವೇ ಕಿತ್ತು ಮುಖಕ್ಕೇ ಬಡಿಯುತ್ತದೆ. ಅಂಥ ಕಾರಿನಲ್ಲಿ ಪಿಲ್ಲರ್ ಆಸೆ ಬಿಟ್ಟು, ಸ್ಟೀರಿಂಗ್ ಕಾಲಮ್ ಮೇಲೆ ಕೂರುವ ಪಾಡ್ ತನ್ನಿ. ಈ ವಿಷಯದಲ್ಲಿ ಅಂಗಡಿಯವರ ‘ಏನೂ ಆಗಲ್ಲ ಸಾರ್’ ಎಂಬ ಮಾತಿಗೆ ಬೆಲೆ ಕೊಡಬೇಡಿ.

ಎರಡನೆಯ ಪರೀಕ್ಷೆ ಕಣ್ಣಿನದು. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲ ಪಿಲ್ಲರ್ ಮೊದಲೇ ಒಂದಿಷ್ಟು ರಸ್ತೆ ಮರೆಮಾಡಿರುತ್ತದೆ. ಗೇಜ್ ಗಾತ್ರದ ಕಾಗದದ ಲೋಟವನ್ನು ಅಲ್ಲಿ ಟೇಪಿನಿಂದ ಅಂಟಿಸಿ ಒಂದು ದಿನ ಓಡಿಸಿ. ಸರ್ಕಲ್‌ನಲ್ಲಿ ಬಲಕ್ಕೆ ತಿರುಗುವಾಗ ಬೈಕ್ ಸವಾರ ಅದರ ಹಿಂದೆ ಮಾಯವಾದರೆ ಇನ್ನೂ ಕೆಳಗಿಳಿಸಬೇಕು.

ಕೆಲಸ ಶುರುಮಾಡುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಸರಿಸಿ, ಮೀಟುವ ಪ್ಲಾಸ್ಟಿಕ್ ಪ್ರೈ ಟೂಲ್‌ನಿಂದ ಟ್ರಿಮ್ಮನ್ನು ಮೇಲಿನಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚು ಗೀರಿಹೋಗುತ್ತದೆ. ಕ್ಲಿಪ್ ಮುರಿಯುವುದು ಮಾಮೂಲು. ನಾಲ್ಕು ಹೆಚ್ಚುವರಿ ತಂದಿಟ್ಟುಕೊಳ್ಳಿ.

ಬೆಂಗಳೂರಿನವರಾದರೆ ಬಿಚ್ಚಿದ ಟ್ರಿಮ್ ಹಿಡಿದುಕೊಂಡೇ ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ. ‘ಎಲ್ಲ ಕಾರಿಗೂ ಆಗುತ್ತೆ’ ಎನ್ನುವ ಪಾಡ್ ಯಾವ ಕಾರಿಗೂ ಸರಿಯಾಗಿ ಒಪ್ಪುವುದಿಲ್ಲ. ಯಾವ ಪ್ಲಾಸ್ಟಿಕ್ ಎಂದೂ ಕೇಳಿ. 3ಡಿ ಪ್ರಿಂಟ್ ಮಾಡಿದ ಪಿಎಲ್ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಗಾಜಿನ ಪಕ್ಕ ಅಷ್ಟು ಶಾಖ ಏರುವುದುಂಟು. ಎಬಿಎಸ್ ಅಥವಾ ಎಎಸ್ಎ ಪ್ಲಾಸ್ಟಿಕ್ ಆಗಬೇಕು.

ಪಾಡ್ ಇಟ್ಟು ಗುರುತು ಹಾಕಿಕೊಂಡು, ವೈರ್ ಕನೆಕ್ಟರ್ ತೂರುವಷ್ಟು, ಸುಮಾರು 20 ಮಿ.ಮೀ. ತೂತನ್ನು ಟ್ರಿಮ್‌ನಲ್ಲಿ ಕೊರೆಯಿರಿ. ಟ್ರಿಮ್ ಮರದ ತುಂಡಿನ ಮೇಲಿರಬೇಕು, ಕಾರಿನಲ್ಲಲ್ಲ. ಪಿಲ್ಲರ್ ಒಳಗೆ ವೈರ್‌ಗಳಿರುತ್ತವೆ, ಸನ್‌ರೂಫ್ ಇದ್ದರೆ ಅದರ ನೀರು ಇಳಿಯುವ ಕೊಳವೆಯೂ ಅಲ್ಲೇ ಹಾದಿರುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚುವ ಅಭ್ಯಾಸವಿದ್ದರೆ ಅಂಟು ಹಿಡಿಯುವುದೇ ಇಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡು ಸಲ ಒರೆಸಿ, ಆಮೇಲೆ ಎರಡೂ ಕಡೆ ಅಂಟುವ ವಿಎಚ್‌ಬಿ ಟೇಪ್ ಹಾಕಿ ಬಲವಾಗಿ ಒತ್ತಿ. ಪೂರ್ತಿ ಬಿಗಿಯಾಗಲು 72 ಗಂಟೆ ಬೇಕು. ಅಲ್ಲಿಯವರೆಗೆ ಗೇಜ್ ಭಾರ ಹೊರಿಸಬೇಡಿ.

ಗೇಜ್ ಸಡಿಲವಾದರೆ ಸುತ್ತಲೂ ಒಂದು ಸುತ್ತು ಇನ್ಸುಲೇಶನ್ ಟೇಪ್ ಸಾಕು. ಬಿಗಿಯಾದರೆ ಪಾಡ್‌ನ ಒಳಮೈಯನ್ನು 120ರ ಉಪ್ಪುಕಾಗದದಿಂದ ಉಜ್ಜಿ. ಗುದ್ದಿ ಕೂರಿಸಿದರೆ ಗಾಜಿನ ರಿಂಗ್ ಸೊಟ್ಟಗಾಗುತ್ತದೆ.

ವೈರಿಂಗ್‌ಗೆ 0.75 ಚದರ ಮಿ.ಮೀ. ತಂತಿ ಸಾಕು. ಬಣ್ಣ ನಂಬಬೇಡಿ, ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬದಲಾಗುತ್ತದೆ. ಗೇಜ್ ಜೊತೆ ಬಂದ ಹಾಳೆಯಂತೆ ಜೋಡಿಸಿ. ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸ್ ಜಾಗಕ್ಕೆ ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸ್ ಜೊತೆ ಇನ್ನೊಂದು ಫ್ಯೂಸ್ ಹಿಡಿಯುವ ಕವಲು) ಹಾಕಿ, ಗೇಜ್‌ಗೆ 2 ಅಥವಾ 3 ಆಂಪಿಯರ್ ಫ್ಯೂಸ್ ಕೊಡಿ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ವ್ಯವಸ್ಥೆ) ಫ್ಯೂಸ್‌ಗಳ ತಂಟೆ ಬೇಡ. ಟ್ಯಾಪ್‌ಗೂ ದಿಕ್ಕಿದೆ: ಎರಡೂ ಫ್ಯೂಸ್‌ಗೆ ಕೂಡಿದ ಕಾಲು ಕರೆಂಟ್ ಬರುವ ಕಡೆಗಿರಬೇಕು. ಬ್ಯಾಟರಿ ಜೋಡಿಸಿ, ಟೆಸ್ಟ್ ಲ್ಯಾಂಪ್ ಹಿಡಿದರೆ ಆ ಕಡೆ ಯಾವುದೆಂದು ಗೊತ್ತಾಗುತ್ತದೆ. ಉಲ್ಟಾ ಹಾಕಿದರೂ ಗೇಜ್ ಓಡುತ್ತದೆ, ಆದರೆ ಅದರ ಕರೆಂಟ್ ಹಳೆಯ ಫ್ಯೂಸ್ ಮೂಲಕವೇ ಹರಿಯುತ್ತದೆ. ಅರ್ತಿಂಗ್‌ಗೆ ಬಾಡಿಯ ಬೋಲ್ಟ್ ಬಳಸಿ, ಅಡಿಯ ಬಣ್ಣ ಕೆರೆದು ಬಿಗಿಯಿರಿ.

ಬೂಸ್ಟ್‌ಗೆ ಎಲೆಕ್ಟ್ರಿಕ್ ಸೆನ್ಸರ್ ಇರುವ ಗೇಜೇ ಒಳ್ಳೆಯದು. ಸೆನ್ಸರ್ ಬಾನೆಟ್ ಕೆಳಗೇ ಉಳಿಯುತ್ತದೆ, ಒಳಗೆ ಬರುವುದು ತಂತಿ ಮಾತ್ರ. ಅದನ್ನು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಾದ ಫೈರ್‌ವಾಲ್‌ನಲ್ಲಿ ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ (ತೂತಿನ ಅಂಚಿನ ಬಳೆ) ಮೂಲಕ ತೂರಿಸಿ. ಬರೀ ಲೋಹದ ತೂತಿನಲ್ಲಿ ಬಿಟ್ಟರೆ ಅಲುಗಾಟಕ್ಕೆ ಹೊದಿಕೆ ಸವೆದು ಶಾರ್ಟ್ ಆಗುತ್ತದೆ. ಒಳಗೆ ಪೆಡಲ್‌ಗೆ ತಾಗದಂತೆ ಜಿಪ್ ಟೈ ಹಾಕಿ. ಮೆಕ್ಯಾನಿಕಲ್ ಆಯಿಲ್ ಪ್ರೆಶರ್ ಗೇಜ್‌ನ ಆಯಿಲ್ ಪೈಪನ್ನಂತೂ ಕ್ಯಾಬಿನ್ ಒಳಗೆ ತರಲೇಬೇಡಿ. ಜೋಡಣೆ ಕಳಚಿದರೆ ಕಾದ ಆಯಿಲ್ ಕಾಲ ಮೇಲೆ ಬೀಳುತ್ತದೆ.

ಟ್ರಿಮ್ ವಾಪಸು ಕೂರಿಸಿ ಕಾರು ಚಾಲೂ ಮಾಡಿ. ಐಡಲ್‌ನಲ್ಲಿ ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಇರುವುದರಿಂದ ಮುಳ್ಳು ಸೊನ್ನೆಗಿಂತ ಕೆಳಗಿರುತ್ತದೆ, ಡೀಸೆಲ್‌ನಲ್ಲಿ ಸೊನ್ನೆಯ ಆಸುಪಾಸು. ಏರ್‌ಬ್ಯಾಗ್ ದೀಪ ಆರದಿದ್ದರೆ ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಲು ಹೋಗಬೇಡಿ, ಆ ಸಣ್ಣ ಕರೆಂಟಿಗೂ ಏರ್‌ಬ್ಯಾಗ್ ಸಿಡಿಯಬಹುದು. ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಒಂದು ವಾರ ಬಿಸಿಲು ಕಂಡ ಮೇಲೆ ಪಾಡ್‌ನ ಮೇಲಂಚು ಎದ್ದಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿ. ಮೊದಲು ಬಿಡುವುದು ಅಲ್ಲೇ.