ಹ್ಯಾರಿಯರ್ ಎಣಿಸಲು ನನಗೆ ಕಲಿಸಿದ್ದು ಕುರಿ ಕಾಯುವ ಮುತ್ಯಾ

ದಸರಾ ಮುಗಿದು ಸೀಗಿ ಹುಣ್ಣಿಮೆ ಹತ್ತಿರ ಬಂತೆಂದರೆ ನನ್ನ ಸಂಜೆಗಳೆಲ್ಲ ಗಾಯರಾಣದಲ್ಲೇ ಕಳೆಯುತ್ತವೆ. ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ಹುಲ್ಲುಗಾವಲು ಅದು. ಊರಿನ ಹೆಸರು ಬೇಕಂತಲೇ ಹೇಳುತ್ತಿಲ್ಲ. ಫೋಟೋ ತೆಗೆಯಲು ಜೀಪು ಹುಲ್ಲಿನೊಳಗೆ ನುಗ್ಗಿದರೆ ಹಕ್ಕಿಗಳು ಜಾಗ ಬಿಟ್ಟು ಹೋಗುತ್ತವೆ.

ಅಲ್ಲಿ ರಾತ್ರಿ ತಂಗುವುದು ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು. ಊರಿನವರಿಗೆ ಅವೂ ಹದ್ದುಗಳೇ. ಆದರೆ ಇವು ಮರಿ ಮಾಡುವುದು ದೂರದ ಕಜಾಕಸ್ತಾನ, ರಷ್ಯಾದ ಬಯಲುಗಳಲ್ಲಿ. ಅಲ್ಲಿ ಚಳಿ ಶುರುವಾದಾಗ ಸಾವಿರಾರು ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತವೆ. ಹಗಲೆಲ್ಲ ತೊಗರಿ, ಜೋಳದ ಹೊಲಗಳ ಮೇಲೆ ತಗ್ಗಾಗಿ ಹಾರುತ್ತ ಮಿಡತೆ, ಇಲಿ ಹಿಡಿಯುತ್ತವೆ. ಸಂಜೆಗೆ ಮರ ಹುಡುಕುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೇ ಒಟ್ಟಾಗಿ ಮಲಗುತ್ತವೆ.

ಮೊದಲ ವರ್ಷ ನನ್ನ ಲೆಕ್ಕ ಪೂರಾ ತಪ್ಪು. ಕತ್ತಲಾಗುವ ಮುಂಚೆ ಅವು ಹುಲ್ಲಿನ ಮೇಲೆ ಸುತ್ತುತ್ತಲೇ ಇರುತ್ತವೆ. ಕೂತದ್ದು ಮತ್ತೆ ಏಳುತ್ತದೆ, ಒಂದು ಸುತ್ತು ಹಾಕಿ ಬೇರೆ ಕಡೆ ಇಳಿಯುತ್ತದೆ. ಕಂಡದ್ದನ್ನೆಲ್ಲ ಎಣಿಸಿ 40 ದಾಟಿಸಿಬಿಟ್ಟಿದ್ದೆ. ಪಕ್ಕದಲ್ಲಿ ಕುರಿ ಕಾಯುತ್ತಿದ್ದ ಮುತ್ಯಾ ನೋಡಿ ಹೇಳಿದರು: “ತಮ್ಮಾ, ಕುರಿ ಮೇಯೂ ಮುಂದ ಯಾರರೆ ಎಣಸ್ತಾರೇನು? ದಡ್ಡಿ ಒಳಗ ಹೋಗೂ ಮುಂದ ಎಣಸ್ತಾರ.”

ಅವತ್ತಿನಿಂದ ಅದೇ ನನ್ನ ಪದ್ಧತಿ. ಹುಲ್ಲಿಗೆ ಇಳಿದರೆ ಕೂಡುತ್ತೇನೆ, ಎದ್ದರೆ ಕಳೆಯುತ್ತೇನೆ. ಸುತ್ತುವುದನ್ನು ಸುಮ್ನೆ ನೋಡುತ್ತೇನೆ, ಅಷ್ಟೇ. 10 ನಿಮಿಷಕ್ಕೊಮ್ಮೆ ಗೆರೆ ಎಳೆದು ಹೊಸ ಸಾಲಿನಲ್ಲಿ ಬರೆಯುತ್ತೇನೆ. ಹೀಗೆ ಎಣಿಸಿದ ಮೊದಲ ಸಂಜೆ ಸಿಕ್ಕಿದ್ದು 17.

ಸಂಜೆ 5 ಗಂಟೆಗೇ ಹೋಗಿ ಕೂರಬೇಕು. ನಾವಿಬ್ಬರು ಹೋಗುತ್ತೇವೆ. ನಾನು ಪಶ್ಚಿಮದ ಬದುವಿನ ಮೇಲೆ, ಸೂರ್ಯನಿಗೆ ಬೆನ್ನು ಹಾಕಿ. ಆಗ ಹಕ್ಕಿಯ ಮೇಲೆ ಬೆಳಕು ಬಿದ್ದು ಬಣ್ಣ ಸರಿಯಾಗಿ ಕಾಣುತ್ತದೆ. ಗೆಳೆಯ ಪೂರ್ವಕ್ಕೆ. ಹೊತ್ತು ಮುಳುಗಿದ ಮೇಲೆ ನನ್ನ ಕಡೆಯಿಂದ ಏನೂ ಕಾಣಲ್ಲ, ಅವನಿಗೆ ಮಾತ್ರ ಪಶ್ಚಿಮದ ಕೆಂಪಿನ ಎದುರು ರೆಕ್ಕೆಗಳು ಕಪ್ಪಾಗಿ ಕಾಣುತ್ತವೆ. ಕೊನೆಯ 20 ನಿಮಿಷದಲ್ಲೇ ಜಾಸ್ತಿ ಇಳಿಯುವುದು, ಹಾಗಾಗಿ ಬೇಗ ಎದ್ದು ಬರಬಾರದು. ಟಾರ್ಚ್ ಹಾಕುವಂತಿಲ್ಲ, ಹುಲ್ಲಿನೊಳಗೆ ಕಾಲಿಡುವಂತಿಲ್ಲ.

ಜಾತಿ ಗುರುತಿಸುವುದು ಗಂಡಿನಲ್ಲಿ ಸುಲಭ. ಮಾಂಟೆಗ್ಯೂ ಎಂಬ ಜಾತಿಯ ಗಂಡು ಬೂದು, ರೆಕ್ಕೆಯ ಮೇಲೆ ಉದ್ದಕ್ಕೂ ಒಂದು ಕಪ್ಪು ಗೆರೆ. ಪ್ಯಾಲಿಡ್ ಎಂಬ ಜಾತಿಯ ಗಂಡು ಇನ್ನೂ ಬಿಳುಪು, ರೆಕ್ಕೆಯ ತುದಿಯಲ್ಲಿ ಮಾತ್ರ ಚೂಪಾದ ಕಪ್ಪು. ಮಾರ್ಷ್ ಹ್ಯಾರಿಯರ್ ದೊಡ್ಡದು, ಅಗಲ ರೆಕ್ಕೆಯದು. ಕಷ್ಟವೆಲ್ಲ ಮೊದಲೆರಡರ ಹೆಣ್ಣು ಮತ್ತು ಎಳೆಯ ಹಕ್ಕಿಗಳದ್ದು. ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ. ಮುಸ್ಸಂಜೆಯಲ್ಲಿ ಅವನ್ನು ಬೇರೆ ಮಾಡಲು ನಾನು ಹೋಗುವುದೇ ಇಲ್ಲ. “ಹ್ಯಾರಿಯರ್, ಜಾತಿ ತಿಳಿದಿಲ್ಲ” ಎಂದು ಬರೆಯುತ್ತೇನೆ. ಊಹೆಯ ಹೆಸರಿಗಿಂತ ಇದೇ ಒಳ್ಳೆಯದು, ಅಲ್ವಾ?

ಏನು ತಿಂದಿವೆ ಎಂದು ತಿಳಿಯಲು ಮಟಮಟ ಮಧ್ಯಾಹ್ನ, ಅವು ಇಲ್ಲದಾಗ, ಅಂಚಿನಲ್ಲಿ ನೋಡುತ್ತೇನೆ. ಅರಗದ್ದನ್ನು ಉಂಡೆ ಮಾಡಿ ಕಕ್ಕಿರುತ್ತವೆ. ಒಡೆದರೆ ಮಿಡತೆಯ ಕಾಲು, ಇಲಿಯ ಕೂದಲು. ತೊಗರಿ ಬೆಳೆಯುವ ಗೆಳೆಯರಿಗೆ ಇದನ್ನು ಬಿಡಿಸಿ ತೋರಿಸಿದ್ದೇನೆ.

ಒಂದು ವರ್ಷ ಎಳ್ಳ ಅಮಾವಾಸ್ಯೆಗೆ ಮುಂಚೆ ಯಾರೋ ಹುಲ್ಲಿಗೆ ಬೆಂಕಿ ಇಟ್ಟರು. ಮರುದಿನ ಸಂಜೆ 9 ಹಕ್ಕಿ ಬಂದವು. ಕರಿ ನೆಲದ ಮೇಲೆ ಸುತ್ತಿದವು, ಒಂದೂ ಇಳಿಯಲಿಲ್ಲ. ಕತ್ತಲಾಗುವಾಗ ದಕ್ಷಿಣಕ್ಕೆ ಹೋದವು. ನನಗೆ ಮನೆಗೆ ಹೋಗಲು ಮನಸ್ಸೇ ಬರಲಿಲ್ಲ. ಆದರೂ ಒಂದು ವಾರ ಅಲ್ಲೇ ಹೋಗಿ ಕೂತೆ. ಪ್ರತಿ ಸಂಜೆಯ ಸಾಲಿನಲ್ಲಿ 0 ಎಂದು ಬರೆದೆ. ಬರೆಯದೆ ಬಿಟ್ಟರೆ, ಆ ದಿನ ನಾನು ಹೋಗಿರಲಿಲ್ಲವೋ ಹಕ್ಕಿ ಬಂದಿರಲಿಲ್ಲವೋ, ಮುಂದೆ ಓದುವವರಿಗೆ ತಿಳಿಯುವುದಿಲ್ಲ.

ಮುಂದಿನ ಮಳೆಗೆ ಹುಲ್ಲು ಮತ್ತೆ ಮೊಣಕಾಲುದ್ದ ಬಂತು. ಸೀಗಿ ಹುಣ್ಣಿಮೆ ಆಗಿ ಮೂರನೇ ಸಂಜೆ, 5:50ಕ್ಕೆ ಒಂದು ಕಂದು ಹಕ್ಕಿ ಇಳಿಯಿತು, ಏಳಲಿಲ್ಲ. ಜಾತಿ ತಿಳಿದಿಲ್ಲ, 1 ಎಂದು ಬರೆದುಕೊಂಡು ದಡ್ಡಿಯ ಕಡೆ ಹೋದೆ, ಮುತ್ಯಾಗೆ ಹೇಳಲು.