ಹಳೆ ಚೆರೋಕಿಗೆ ನಾಲ್ಕು ತೂತಿನ ಇಂಜೆಕ್ಟರ್
ಹಳೆ ಜೀಪ್ ಚೆರೋಕಿಯ 4.0 ಲೀಟರ್ ಪೆಟ್ರೋಲ್ ಎಂಜಿನ್ ಇದ್ದವರು ಪೆಟ್ರೋಲ್ ಚಿಮ್ಮಿಸುವ ಒಂದೇ ತೂತಿನ ಇಂಜೆಕ್ಟರ್ ತೆಗೆದು ನಾಲ್ಕು ತೂತಿನವು ಹಾಕಿ, ಆರೂ ಒಟ್ಟಿಗೆ. ಪೆಟ್ರೋಲ್ ಒಂದೇ ಧಾರೆಯಾಗಿ ಬೀಳದೆ ಸಣ್ಣ ಹನಿಯಾಗಿ ಹರಡುತ್ತದೆ, ಗಾಳಿಯ ಜೊತೆ ಚೆನ್ನಾಗಿ ಬೆರೆಯುತ್ತದೆ. ಗಾಡಿ ನಿಂತಾಗ ಎಂಜಿನ್ ಓಡುವುದು (ಐಡಲ್) ನಯವಾಗುತ್ತದೆ. ಆದರೆ ಪವರ್ ಜಾಸ್ತಿ ಆಗುತ್ತದೆ ಅಂತ ಮಾತ್ರ ಕಾಯಬೇಡಿ. ತೂತಿನ ಲೆಕ್ಕಕ್ಕಿಂತ ಫ್ಲೋ, ಅಂದರೆ ಎಷ್ಟು ಪೆಟ್ರೋಲ್ ಸುರಿಯುತ್ತದೆ ಅನ್ನೋದು ಮುಖ್ಯ, ನಿಮ್ಮ ಗಾಡಿಯ ಪೆಟ್ರೋಲ್ ಪ್ರೆಶರ್‌ನಲ್ಲಿ ಹಳೆಯದರಷ್ಟೇ ಸುರಿಯಬೇಕು. ಆ ಪ್ರೆಶರ್ 1995ರವರೆಗಿನವಕ್ಕೆ ರೆಗ್ಯುಲೇಟರ್‌ನ (ಪ್ರೆಶರ್ ಹಿಡಿದಿಡುವ ಭಾಗ) ವ್ಯಾಕ್ಯೂಮ್ ಪೈಪ್ ಕಿತ್ತಾಗ ಸುಮಾರು 39 ಪಿಎಸ್‌ಐ (ಒತ್ತಡದ ಅಳತೆ), 1997ರಿಂದ ಈಚಿನವಕ್ಕೆ 49. ದೊಡ್ಡದು ಹಾಕಿದರೆ ಸುಮ್ನೆ ಕಪ್ಪು ಹೊಗೆ, ಅಷ್ಟೇ. ಇಂಜೆಕ್ಟರ್‌ನ ಓ-ರಿಂಗ್‌ಗೆ (ಸೋರದಂತೆ ತಡೆಯುವ ರಬ್ಬರ್ ಬಳೆ) ಒಂದು ಹನಿ ಎಂಜಿನ್ ಆಯಿಲ್ ಸವರಿಯೇ ಕೂರಿಸಿ. ಒಣಗಿದ್ದನ್ನೇ ತಳ್ಳಿದರೆ ಹರಿದು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುತ್ತದೆ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಬಿದ್ದಿದ್ದರೆ ಅಥವಾ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸತ್ತಿದ್ದರೆ ಇದರಿಂದ ಏನೂ ಆಗದು, ಮೊದಲು ಅದನ್ನು ನೋಡಿಸಿ.